ಯಹೂದಿ ಎಂಬುದು ಬೈಗುಳವಲ್ಲ

ಒಂದು ಸಮುದಾಯದ ಹೆಸರು ಬೈಗುಳವಾಗಿ ಬಳಕೆಗೆ ಬಂತೆಂದರೆ ಆ ಸಮುದಾಯಕ್ಕೆ ಅಪಾಯ ಹತ್ತಿರ ಬಂತೆಂದೇ ಅರ್ಥ. ಮುಸ್ಲಿಮರಿಗೆ ಇದನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. 'ಸಾಬ್ರು' ಎಂಬ ಮಾತು ಯಾವ ದನಿಯಲ್ಲಿ ಬಂದರೆ ಮರ್ಯಾದೆ, ಯಾವ ದನಿಯಲ್ಲಿ ಬಂದರೆ ತಿರಸ್ಕಾರ ಎಂಬುದು ಕುಣಿಗಲ್ ಸಂತೆಯಲ್ಲಿ ತಳ್ಳುಗಾಡಿ ನಿಲ್ಲಿಸಿಕೊಂಡು ಬಾಳೆಹಣ್ಣು ಮಾರುವ ಹುಡುಗನಿಗೂ ಗೊತ್ತು. ಎಲ್ಲೋ ಬಾಂಬು ಸಿಡಿದರೆ ಮಾರನೆಯ ದಿನ ತನ್ನ ಗಾಡಿಯ ಮುಂದೆ ಗಿರಾಕಿ ನಿಲ್ಲುತ್ತಾನೋ ಇಲ್ಲವೋ ಎಂದು ಲೆಕ್ಕ ಹಾಕುವ ಪಾಡು ಅವನದು. ಮಾಡದ ತಪ್ಪಿಗೆ ಉತ್ತರ ಕೊಡುವ ಕಷ್ಟವನ್ನು ಈ ದೇಶದಲ್ಲಿ ನಮ್ಮಷ್ಟು ಬಲ್ಲವರು ಕಡಿಮೆ.

ಹಾಗಿರುವಾಗ ನಮ್ಮ ನಡುವೆಯೇ ಇನ್ನೊಂದು ಸಮುದಾಯದ ಹೆಸರು ಬೈಗುಳವಾಗಿ ಓಡಾಡುತ್ತಿರುವುದನ್ನು ನಾವು ಸುಮ್ಮನೆ ಕೇಳಿಸಿಕೊಳ್ಳಬೇಕೆ? ಮೀಟರ್ ಬಡ್ಡಿ ಕಿತ್ತುಕೊಳ್ಳುವವನು 'ಯಹೂದಿ'. ಪಾಲುದಾರಿಕೆಯಲ್ಲಿ ಮೋಸ ಮಾಡಿದವನು 'ಯಹೂದಿ ಬುದ್ಧಿಯವನು'. ಊರಿನ ಕಮಿಟಿಯಲ್ಲಿ ಜಗಳ ಹಚ್ಚಿದವನದು 'ಯಹೂದಿ ಪಿತೂರಿ'. ಕೊತ್ತಗೆರೆ ಹೋಬಳಿಯಲ್ಲಿ ಯಹೂದಿಯೊಬ್ಬರನ್ನು ಕಣ್ಣಾರೆ ಕಂಡವರು ಎಷ್ಟು ಮಂದಿ ಇದ್ದಾರು? ಕಾಣದ ಮನುಷ್ಯನನ್ನು ದ್ವೇಷಿಸುವುದು ಸುಲಭ. ಯಾಕೆಂದರೆ ಆತ ಎದುರು ನಿಂತು 'ನಾನೇನು ಮಾಡಿದೆ?' ಎಂದು ಕೇಳುವುದಿಲ್ಲ.

ನಮ್ಮನ್ನು ತಪ್ಪಾಗಿ ಅರ್ಥ ಮಾಡಿಕೊಳ್ಳಬಾರದು. ಪ್ಯಾಲೆಸ್ತೀನಿನ ವಿಷಯದಲ್ಲಿ ಜನರಲ್ಲಿರುವ ಸಿಟ್ಟು ನ್ಯಾಯವಾದದ್ದು. 2023ರ ಅಕ್ಟೋಬರ್ 7ರಂದು ಹಮಾಸ್ ನಡೆಸಿದ ದಾಳಿಯಲ್ಲಿ ಇಸ್ರೇಲಿನಲ್ಲಿ ಸುಮಾರು 1,200 ಮಂದಿ ಸತ್ತರು. ಅದರ ಹೆಸರಿನಲ್ಲಿ ಗಾಝಾದ ಮೇಲೆ ಶುರುವಾದ ಯುದ್ಧದಲ್ಲಿ 2025ರ ಹೊತ್ತಿಗೆ, ಅಲ್ಲಿನ ಆರೋಗ್ಯ ಇಲಾಖೆಯ ಲೆಕ್ಕದಲ್ಲೇ, 60 ಸಾವಿರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಅವರಲ್ಲಿ ಸಾವಿರಾರು ಮಕ್ಕಳು. ಇದನ್ನು ಕಂಡೂ ಎದೆ ಕಲಕದವನನ್ನು ಮನುಷ್ಯ ಎನ್ನುವುದು ಕಷ್ಟ. ಈ ಸಿಟ್ಟನ್ನು ಇಸ್ರೇಲ್ ಸರ್ಕಾರದ ಮೇಲೆ, ಅದರ ಸೈನ್ಯದ ಮೇಲೆ, ಅದಕ್ಕೆ ಆಯುಧ ಕೊಟ್ಟವರ ಮೇಲೆ ಹೇಳಲಿ. ಗಟ್ಟಿಯಾಗಿಯೇ ಹೇಳಲಿ. ನಮ್ಮ ತಕರಾರು ಇರುವುದು ಆ ಸಿಟ್ಟು ಸರ್ಕಾರದಿಂದ ಜಾರಿ ಜನಾಂಗದ ಮೇಲೆ ಬೀಳುವ ಬಗೆಗೆ. 'ಇಸ್ರೇಲ್ ಕೊಂದಿತು' ಎಂಬ ವಾಕ್ಯ ಎರಡೇ ದಿನದಲ್ಲಿ 'ಯಹೂದಿಗಳೇ ಅಂಥವರು' ಎಂದಾಗುತ್ತದೆ. 'ಪಾಕಿಸ್ತಾನ ದಾಳಿ ಮಾಡಿತು' ಎಂಬುದು 'ಸಾಬರೇ ಅಂಥವರು' ಎಂದಾಗುವುದೂ ಇದೇ ದಾರಿಯಲ್ಲಿ ಅಲ್ಲವೇ? ಒಂದನ್ನು ಅನ್ಯಾಯ ಎನ್ನುವ ನಾಲಿಗೆ ಇನ್ನೊಂದನ್ನು ನ್ಯಾಯ ಎನ್ನಲು ಹೇಗೆ ಬರುತ್ತದೆ?

ಜೆನಿನ್ ಎಂಬ ಹೆಸರನ್ನು ಪ್ಯಾಲೆಸ್ತೀನಿನ ಬಗ್ಗೆ ಮಾತಾಡುವ ಎಲ್ಲರೂ ಹೇಳುತ್ತಾರೆ. ಪಶ್ಚಿಮ ದಂಡೆಯ ಆ ನಿರಾಶ್ರಿತರ ಶಿಬಿರದಲ್ಲಿ ಮಕ್ಕಳಿಗೆ ನಾಟಕ ಕಲಿಸಿದ ಒಬ್ಬ ಯಹೂದಿ ಹೆಂಗಸಿನ ಹೆಸರನ್ನು ಮಾತ್ರ ಯಾರೂ ಹೇಳುವುದಿಲ್ಲ. ಆಕೆ ಆರ್ನಾ ಮೆರ್ ಖಮೀಸ್. ಹುಟ್ಟಿದ್ದು 1929ರಲ್ಲಿ, ಗಲಿಲಾಯದ ರೋಶ್ ಪಿನ್ನಾ ಎಂಬ ಯಹೂದಿ ಊರಿನಲ್ಲಿ. ತಂದೆ ಗಿಡಿಯನ್ ಮೆರ್ ಮಲೇರಿಯಾ ರೋಗದ ಮೇಲೆ ಕೆಲಸ ಮಾಡಿದ ಹೆಸರಾಂತ ವೈದ್ಯರು. 1948ರ ಯುದ್ಧದಲ್ಲಿ ಆರ್ನಾ ಯಹೂದಿ ಪಡೆಯಾದ ಪಲ್ಮಾಖ್‌ನಲ್ಲಿದ್ದರು. ಅಂದರೆ ಪ್ಯಾಲೆಸ್ತೀನಿಯರು ಮನೆಮಠ ಕಳೆದುಕೊಂಡ ಆ ಯುದ್ಧದಲ್ಲಿ ಅವರು ಗೆದ್ದವರ ಕಡೆಯವರು. ಆಮೇಲೆ ಕಮ್ಯುನಿಸ್ಟ್ ಪಕ್ಷ ಸೇರಿದರು. ಅದೇ ಪಕ್ಷದ ಮುಖಂಡರಾಗಿದ್ದ ಅರಬ್ ಕ್ರೈಸ್ತ ಸಲೀಬಾ ಖಮೀಸ್ ಅವರನ್ನು ಮದುವೆಯಾದರು. ಯಹೂದಿ ಹೆಣ್ಣು ಅರಬ್ ಗಂಡನ್ನು ಕೈಹಿಡಿದರೆ ಆ ಸಮಾಜದಲ್ಲಿ ಏನಾಗುತ್ತದೆ ಎಂಬುದನ್ನು ವಿವರಿಸಬೇಕಾಗಿಲ್ಲ. ಅಂತರ್ಧರ್ಮೀಯ ಮದುವೆಯಾದ ಜೋಡಿಯೊಂದು ಬಾಡಿಗೆ ಮನೆ ಹುಡುಕಿಕೊಂಡು ತುಮಕೂರಿಗೆ ಬಂದರೆ ಏನಾಗುತ್ತದೋ ಅದೇ.

1987ರಲ್ಲಿ ಮೊದಲ ಇಂತಿಫಾದ ಆರಂಭವಾಯಿತು. ಪಶ್ಚಿಮ ದಂಡೆಯ ಶಾಲೆಗಳನ್ನು ಇಸ್ರೇಲ್ ಸೈನ್ಯ ತಿಂಗಳುಗಟ್ಟಲೆ ಮುಚ್ಚಿಸಿತು. ಮಕ್ಕಳು ಬೀದಿಯಲ್ಲಿ, ಅಪ್ಪಂದಿರು ಜೈಲಿನಲ್ಲಿ. ಆಗ ಆರ್ನಾ ಗಡಿ ದಾಟಿ ಜೆನಿನ್‌ಗೆ ಹೋಗತೊಡಗಿದರು. ಕೈಯಲ್ಲಿ ಇದ್ದದ್ದು ಕಾಗದ ಮತ್ತು ಬಣ್ಣ. ಬೀದಿಯಲ್ಲೇ ಹಾಸಿ ಮಕ್ಕಳನ್ನು ಕೂರಿಸಿದರು. ಹಾಗೆ ಶುರುವಾದದ್ದು ಮುಂದೆ ಶಿಬಿರದ 'ಮಕ್ಕಳ ಮನೆ'ಗಳಾಯಿತು. ಈ ಕೆಲಸಕ್ಕೆ 1993ರಲ್ಲಿ ಅವರಿಗೆ ಸ್ವೀಡನ್ನಿನ 'ರೈಟ್ ಲೈವ್ಲಿಹುಡ್' ಪ್ರಶಸ್ತಿ ಬಂತು. ಪರ್ಯಾಯ ನೊಬೆಲ್ ಎಂದು ಕರೆಯಲಾಗುವ ಪ್ರಶಸ್ತಿ ಅದು. ಆ ಹಣವನ್ನು ಆರ್ನಾ ಮನೆಗೆ ಒಯ್ಯಲಿಲ್ಲ. ಶಿಬಿರದ ಸಮೀರಾ ಝುಬೈದಿ ಎಂಬ ತಾಯಿ ತಮ್ಮ ಮನೆಯ ಮಹಡಿಯನ್ನು ಬಿಟ್ಟುಕೊಟ್ಟರು. ಅಲ್ಲಿ ಮಕ್ಕಳಿಗಾಗಿ ಒಂದು ರಂಗಮಂದಿರ ಕಟ್ಟಲಾಯಿತು. ಹೆಸರು 'ಕಲ್ಲಿನ ರಂಗಮಂದಿರ'. ಯಹೂದಿ ಹೆಂಗಸಿನ ಹಣ, ಮುಸ್ಲಿಂ ಹೆಂಗಸಿನ ಜಾಗ, ನಿರಾಶ್ರಿತ ಮಕ್ಕಳ ನಾಟಕ. ಅಲ್ಲಿ ನಾಟಕ ಕಲಿಸಲು ಬಂದವರು ಆರ್ನಾ ಅವರ ಮಗ, ನಟ ಜೂಲಿಯಾನೊ.

1995ರಲ್ಲಿ ಆರ್ನಾ ಕ್ಯಾನ್ಸರಿನಿಂದ ತೀರಿಕೊಂಡರು. 2002ರಲ್ಲಿ ಇಸ್ರೇಲ್ ಸೈನ್ಯ ಜೆನಿನ್ ಶಿಬಿರಕ್ಕೆ ನುಗ್ಗಿದಾಗ ಆ ರಂಗಮಂದಿರ ನೆಲಸಮವಾಯಿತು. ಜಾಗ ಕೊಟ್ಟ ಸಮೀರಾ ಅದೇ ವರ್ಷ ಗುಂಡಿಗೆ ಬಲಿಯಾದರು. ನಾಟಕ ಆಡಿದ ಹುಡುಗರಲ್ಲಿ ಹಲವರು ಬಂದೂಕು ಹಿಡಿದು ಸತ್ತರು. ಜೂಲಿಯಾನೊ 2004ರಲ್ಲಿ ಹೊರತಂದ 'ಆರ್ನಾಳ ಮಕ್ಕಳು' ಎಂಬ ಸಾಕ್ಷ್ಯಚಿತ್ರದಲ್ಲಿ ಈ ಕಥೆಯೆಲ್ಲ ಇದೆ. ರಂಗದ ಮೇಲೆ ರಾಜಕುಮಾರನಾಗಬೇಕೆಂದು ಕನಸು ಕಂಡ ಹುಡುಗರು ಆಮೇಲೆ ಗೋಡೆಯ ಮೇಲಿನ ಹುತಾತ್ಮರ ಭಿತ್ತಿಪತ್ರಗಳಾಗುವುದನ್ನು ಅದರಲ್ಲಿ ನೋಡಬೇಕು.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ. ಬರಲೇಬೇಕು. ನಾಟಕ ಕಲಿತ ಹುಡುಗರೇ ಬಂದೂಕು ಹಿಡಿದರಲ್ಲ, ಹಾಗಾದರೆ ಆ ನಾಟಕದಿಂದ ಏನು ಬಂತು? ಅವರಲ್ಲಿ ಒಬ್ಬ ಯುವಕ 2001ರಲ್ಲಿ ಇಸ್ರೇಲಿನ ಹದೇರಾ ಪಟ್ಟಣದ ಬೀದಿಯಲ್ಲಿ ಗುಂಡು ಹಾರಿಸಿದಾಗ ನಾಲ್ವರು ಹೆಂಗಸರು ಸತ್ತರು. ಅವರು ಸೈನಿಕರಲ್ಲ, ದಾರಿಹೋಕರು. ಅದನ್ನು ಕೊಲೆ ಎಂದೇ ಕರೆಯಬೇಕು. ಪೀಡಿತರ ಕೈಯಿಂದ ಆಯಿತೆಂದು ಅದಕ್ಕೆ ಇನ್ನೊಂದು ಹೆಸರು ಕೊಡಲು ನಾವು ತಯಾರಿಲ್ಲ. ಆದರೆ ಆ ಹುಡುಗನ ಕೈಗೆ ಬಂದೂಕು ಕೊಟ್ಟದ್ದು ನಾಟಕವಲ್ಲ. ಮುಚ್ಚಿದ ಶಾಲೆ, ಕೆಡವಿದ ಮನೆ, ಕಣ್ಣೆದುರು ಸತ್ತ ಮಕ್ಕಳು ಕೊಟ್ಟದ್ದು. ನಾಟಕ ಆಡುತ್ತಿದ್ದಷ್ಟು ದಿನ ಅವನ ಕೈಯಲ್ಲಿ ಇದ್ದದ್ದು ಮರದ ಕತ್ತಿ. ಬೇರೇನಾದರೂ ಸಿಕ್ಕಿದ್ದರೆ ಎಂಬ ಪ್ರಶ್ನೆಯನ್ನು ಆರ್ನಾ ಅವರನ್ನು ಕೇಳುವ ಮೊದಲು ರಂಗಮಂದಿರ ಕೆಡವಿದವರನ್ನು ಕೇಳಬೇಕು.

ಜೂಲಿಯಾನೊ 2006ರಲ್ಲಿ ಜೆನಿನ್‌ಗೆ ಮರಳಿ ಗೆಳೆಯರ ಜೊತೆ 'ಫ್ರೀಡಂ ಥಿಯೇಟರ್' ಕಟ್ಟಿದರು. ಗೆಳೆಯರಲ್ಲಿ ಒಬ್ಬರು ಸಮೀರಾ ಅವರ ಮಗ ಝಕರಿಯಾ ಝುಬೈದಿ. ಜೂಲಿಯಾನೊ ತಮ್ಮನ್ನು ಪೂರ್ಣ ಯಹೂದಿ, ಪೂರ್ಣ ಪ್ಯಾಲೆಸ್ತೀನಿ ಎಂದು ಕರೆದುಕೊಳ್ಳುತ್ತಿದ್ದರು. ಹುಡುಗ ಹುಡುಗಿಯರು ಒಂದೇ ರಂಗದ ಮೇಲೆ ನಿಲ್ಲುವುದಕ್ಕೆ ಶಿಬಿರದೊಳಗೇ ವಿರೋಧವಿತ್ತು. ರಂಗಮಂದಿರಕ್ಕೆ ಬೆಂಕಿ ಹಚ್ಚುವ ಪ್ರಯತ್ನವೂ ಆಯಿತು. 2011ರ ಏಪ್ರಿಲ್ 4ರಂದು ಮುಖ ಮುಚ್ಚಿಕೊಂಡ ಬಂದೂಕುಧಾರಿಯೊಬ್ಬ ರಂಗಮಂದಿರದ ಹತ್ತಿರವೇ ಅವರನ್ನು ಗುಂಡಿಟ್ಟು ಕೊಂದ. ಕೊಲೆಗಾರ ಯಾರೆಂದು ಯಾವ ನ್ಯಾಯಾಲಯದಲ್ಲೂ ಸಾಬೀತಾಗಲಿಲ್ಲ. ಆ ಸಂಸ್ಥೆ ಆದರೂ ನಿಲ್ಲಲಿಲ್ಲ. 2015ರ ಕೊನೆಯಲ್ಲಿ ಅದರ ಕಲಾವಿದರು ಭಾರತಕ್ಕೆ ಬಂದು ದೆಹಲಿಯ ಜನ ನಾಟ್ಯ ಮಂಚ್ ಜೊತೆ ಸೇರಿ ನಾಟಕ ಕಟ್ಟಿ ಊರೂರು ತಿರುಗಿದರು. 2023ರ ಡಿಸೆಂಬರಿನಲ್ಲಿ ಇಸ್ರೇಲ್ ಸೈನ್ಯ ರಂಗಮಂದಿರಕ್ಕೆ ನುಗ್ಗಿ ಅದರ ಮುಖ್ಯಸ್ಥರನ್ನು ಹಿಡಿದೊಯ್ದಿತು. 2025ರ ಜನವರಿಯಲ್ಲಿ ಶುರುವಾದ ಕಾರ್ಯಾಚರಣೆಯಲ್ಲಿ ಶಿಬಿರದ ಜನರನ್ನೇ ಹೊರಹಾಕಲಾಯಿತು.

ಈ ಕಥೆಯಲ್ಲಿ ಯಹೂದಿ ಯಾರು, ಯಹೂದಿಯ ಶತ್ರು ಯಾರು ಎಂದು ಗೆರೆ ಎಳೆದು ತೋರಿಸಿ ನೋಡೋಣ. ಆಗುವುದಿಲ್ಲ.

'ಆಕೆ ಒಳ್ಳೆಯ ಯಹೂದಿ, ಅಪವಾದ' ಎಂದು ಕೆಲವರು ಹೇಳಿಯಾರು. ಈ ಮಾತನ್ನು ನಾವು ಎಲ್ಲಿ ಕೇಳಿದ್ದೇವೆ? 'ಅಬ್ದುಲ್ ಕಲಾಂ ಅಂಥ ಮುಸ್ಲಿಮರಾದರೆ ನಮ್ಮ ತಕರಾರಿಲ್ಲ' ಎಂಬ ಮಾತು ಕೇಳಿ ಕೇಳಿ ನಮ್ಮ ಕಿವಿ ಸವೆದಿದೆ. ಒಬ್ಬರನ್ನು ಮೇಲೆ ಕೂರಿಸಿ ಹೊಗಳುತ್ತಲೇ ಉಳಿದ ಕೋಟ್ಯಂತರ ಜನರನ್ನು ಕಟಕಟೆಯಲ್ಲಿ ನಿಲ್ಲಿಸುವ ಉಪಾಯ ಅದು. ಒಳ್ಳೆಯವನೆಂಬ ಪ್ರಮಾಣಪತ್ರವನ್ನು ದಿನವೂ ತೋರಿಸಬೇಕಾದ ಗತಿ ಯಾವ ಸಮುದಾಯಕ್ಕೂ ಬರಬಾರದು. ಆ ಪ್ರಮಾಣಪತ್ರ ಕೇಳುವವರ ಸಾಲಿನಲ್ಲಿ ನಾವೂ ಹೋಗಿ ನಿಂತರೆ ನಮ್ಮ ಮೇಲಾಗುವ ಅನ್ಯಾಯವನ್ನು ಪ್ರಶ್ನಿಸುವ ಹಕ್ಕು ನಮಗೆಲ್ಲಿ ಉಳಿಯುತ್ತದೆ?

ಅಪವಾದದ ಮಾತು ಸುಳ್ಳೆಂದು ತಿಳಿಯಲು ಜೆನಿನ್‌ವರೆಗೆ ಹೋಗಬೇಕಾಗಿಲ್ಲ. ಶಿವಮೊಗ್ಗದವರೆಗೆ ಹೋದರೆ ಸಾಕು. ಡಾ. ಜೆರೂಶಾ ಝಿರಾಡ್ ಹುಟ್ಟಿದ್ದು ಅಂದಿನ ಮೈಸೂರು ಸಂಸ್ಥಾನದ ಶಿವಮೊಗ್ಗದಲ್ಲಿ, ಹತ್ತೊಂಬತ್ತನೇ ಶತಮಾನದ ಕೊನೆಯ ದಶಕದಲ್ಲಿ. ಅವರದು ಬೆನೆ ಇಸ್ರೇಲ್ ಸಮುದಾಯ. ಕೊಂಕಣ ತೀರದಲ್ಲಿ ಗಾಣ ಆಡಿಸಿ ಎಣ್ಣೆ ತೆಗೆಯುತ್ತಿದ್ದ ಈ ಯಹೂದಿಗಳು ಶನಿವಾರ ಕೆಲಸ ಮಾಡುತ್ತಿರಲಿಲ್ಲ. ಅದಕ್ಕೆ ಸುತ್ತಲಿನವರು ಅವರನ್ನು 'ಶನಿವಾರ ತೇಲಿ', ಅಂದರೆ ಶನಿವಾರದ ಗಾಣಿಗರು, ಎಂದೇ ಕರೆಯುತ್ತಿದ್ದರು. ಮಾತು ಮರಾಠಿ, ಉಡುಗೆ ಸೀರೆ. ನೆರೆಯವರಿಗೆ ಅವರು ಇನ್ನೊಂದು ಜಾತಿಯಂತೆ ಕಂಡರೇ ಹೊರತು ಪರದೇಶಿಗಳಂತೆ ಕಾಣಲಿಲ್ಲ. ಜೆರೂಶಾ ಪುಣೆ, ಮುಂಬೈಗಳಲ್ಲಿ ಓದಿ ಲಂಡನ್ನಿಗೆ ಹೋದರು. 1919ರಲ್ಲಿ ಹೆರಿಗೆ ಮತ್ತು ಸ್ತ್ರೀರೋಗ ಶಾಸ್ತ್ರದಲ್ಲಿ ಎಂ.ಡಿ. ಪಡೆದು ಮರಳಿದರು. ಮುಂಬೈಯ ಕಾಮಾ ಆಸ್ಪತ್ರೆಯ ಹೊಣೆಯನ್ನು 1947ರವರೆಗೆ ಹೊತ್ತರು. ಹೆರಿಗೆಯಲ್ಲಿ ತಾಯಂದಿರು ಯಾಕೆ ಸಾಯುತ್ತಾರೆ ಎಂದು ಮುಂಬೈ ನಗರದಲ್ಲಿ ತನಿಖೆ ನಡೆಸಿ ವರದಿ ಬರೆದರು. ದೇಶದ ಸ್ತ್ರೀರೋಗ ತಜ್ಞರ ಒಕ್ಕೂಟ 1950ರಲ್ಲಿ ಹುಟ್ಟುವಾಗ ಅದನ್ನು ಕಟ್ಟಿದವರಲ್ಲಿ ಒಬ್ಬರಾದರು. 1966ರಲ್ಲಿ ಪದ್ಮಶ್ರೀ ಬಂತು.

ವೃತ್ತಿಯ ಆಚೆಗೆ ಅವರು ಮಾಡಿದ ಕೆಲಸವೂ ಇದೆ. 1913ರಲ್ಲಿ, ಇನ್ನೂ ಎಳೆಯ ಪ್ರಾಯದಲ್ಲೇ, ತಮ್ಮ ಸಮುದಾಯದ ಹೆಂಗಸರಿಗಾಗಿ ಸ್ತ್ರೀ ಮಂಡಲ ಕಟ್ಟಲು ಮುಂದಾದರು. ಮನೆಯೊಳಗಿದ್ದ ಹೆಂಗಸರು ಒಂದೆಡೆ ಸೇರುವುದೇ ಅಂದು ದೊಡ್ಡ ಸುದ್ದಿ. 1925ರಲ್ಲಿ ತಮ್ಮ ಧರ್ಮದೊಳಗಿನ ಸುಧಾರಣೆಗಾಗಿ ಮುಂಬೈಯಲ್ಲಿ ಇನ್ನೊಂದು ಸಂಸ್ಥೆಯನ್ನು ಕಟ್ಟಿದರು. ಆಸ್ಪತ್ರೆಗೆ ಬಂದ ಬಸುರಿ ಹಿಂದೂವೋ ಮುಸ್ಲಿಮಳೋ ಎಂದು ನೋಡದ ವೈದ್ಯೆ ತಮ್ಮ ಸಮುದಾಯದ ಹಟ್ಟಿಯನ್ನೂ ಗುಡಿಸಿದರು. ಸಾರ್ವಜನಿಕ ಸೇವೆ ಮಾಡುವವರು ಸಮುದಾಯದಿಂದ ಓಡಿ ಹೋಗಬೇಕಿಲ್ಲ, ಸಮುದಾಯದಲ್ಲೇ ಇದ್ದವರು ಹೊರಗಿನವರಿಗೆ ಬಾಗಿಲು ಹಾಕಬೇಕಿಲ್ಲ. ಎರಡನ್ನೂ ಒಟ್ಟಿಗೆ ಮಾಡಿದ ಈ ಶಿವಮೊಗ್ಗದ ಮಗಳ ಹೆಸರು ಶಿವಮೊಗ್ಗದಲ್ಲೇ ಎಷ್ಟು ಜನರಿಗೆ ಗೊತ್ತು?

ಇನ್ನೊಬ್ಬರು ಮೀರಾ ಮಹಾದೇವನ್. ಬೆನೆ ಇಸ್ರೇಲ್ ಮನೆಯಲ್ಲಿ ಮಿರಿಯಮ್ ಆಗಿ ಹುಟ್ಟಿ, ಗಾಂಧಿವಾದಿ ಟಿ.ಕೆ. ಮಹಾದೇವನ್ ಅವರನ್ನು ಮದುವೆಯಾದವರು. ಹಿಂದಿಯಲ್ಲಿ 'ಅಪ್ನಾ ಘರ್' ಎಂಬ ಕಾದಂಬರಿ ಬರೆದವರು. 1969ರಲ್ಲಿ ಗಾಂಧಿ ಶತಮಾನೋತ್ಸವದ ಪ್ರದರ್ಶನಕ್ಕಾಗಿ ದೆಹಲಿಯ ರಾಜಘಾಟ್ ಬಳಿ ಕಟ್ಟಡಗಳು ಏಳುತ್ತಿದ್ದವು. ಅಲ್ಲಿ ಕಲ್ಲು ಹೊರುತ್ತಿದ್ದ ಕೂಲಿ ಹೆಂಗಸರ ಕೂಸುಗಳು ಬಿಸಿಲಲ್ಲಿ, ಧೂಳಲ್ಲಿ ಬಿದ್ದುಕೊಂಡಿದ್ದನ್ನು ಮೀರಾ ಕಂಡರು. ಅಲ್ಲೇ ಒಂದು ಡೇರೆ ಹಾಕಿಸಿ ಕೂಸುಗಳನ್ನು ನೋಡಿಕೊಳ್ಳಲು ಏರ್ಪಾಡು ಮಾಡಿದರು. 'ಮೊಬೈಲ್ ಕ್ರೆಷಸ್' ಎಂಬ ಸಂಸ್ಥೆ ಹುಟ್ಟಿದ್ದು ಹಾಗೆ. ಕೆಲಸ ಮುಗಿದು ಕೂಲಿಯವರು ಬೇರೆ ಕಡೆ ಹೋದರೆ ಶಿಶುಮನೆಯೂ ಅವರ ಹಿಂದೆ ಹೋಗಬೇಕು ಎಂಬುದೇ ಆ ಹೆಸರಿನ ಅರ್ಥ. 1977ರಲ್ಲಿ ಮೀರಾ ತೀರಿಕೊಂಡ ಮೇಲೂ ಸಂಸ್ಥೆ ಬೆಳೆಯಿತು. ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ ಕರ್ನಾಟಕ ಸರ್ಕಾರ 2023ರಲ್ಲಿ 'ಕೂಸಿನ ಮನೆ' ಯೋಜನೆಯನ್ನು ಪ್ರಕಟಿಸಿತು. ನಮ್ಮ ಹಳ್ಳಿಯ ತಾಯಿ ಮಗುವನ್ನು ಕೂಸಿನ ಮನೆಯಲ್ಲಿ ಬಿಟ್ಟು ಕೆರೆ ಹೂಳೆತ್ತಲು ಹೋಗುವಾಗ, ಕೂಲಿಯವಳ ಕೂಸಿಗೂ ಒಂದು ಸೂರು ಬೇಕೆಂದು ಈ ದೇಶದಲ್ಲಿ ಅಷ್ಟು ಹಿಂದೆಯೇ ಕೂಗಿ ಹೇಳಿದವರಲ್ಲಿ ಒಬ್ಬ ಯಹೂದಿ ಹೆಣ್ಣುಮಗಳಿದ್ದರು ಎಂಬುದನ್ನು ನೆನೆಯಬೇಕು.

ಈಗ ರಂಗಭೂಮಿಯ ಮಾತಿಗೆ ಬರೋಣ. ನಮ್ಮ ಸೀಮೆಯಲ್ಲಿ ನಾಟಕವೆಂದರೆ ಬರೀ ಮನರಂಜನೆಯಲ್ಲ. ಪಕ್ಕದ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿ ಗುಬ್ಬಿ ವೀರಣ್ಣನವರ ಕೈಯಲ್ಲಿ ನಾಡಿಗೇ ಹೆಸರಾಯಿತು. ಇವತ್ತಿಗೂ ಕುಣಿಗಲ್ಲಿನ ಯಾವ ಹಳ್ಳಿಗೆ ಹೋದರೂ 'ಕುರುಕ್ಷೇತ್ರ' ಆಡಿದ ಒಬ್ಬ ದುರ್ಯೋಧನ, ಒಬ್ಬ ಭೀಮ ಸಿಗುತ್ತಾರೆ. ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟರ ಮುಂದೆ ಕೂತು ಕಂದ, ಸೀಸಗಳನ್ನು ಕಲಿಯುತ್ತಾರೆ. ಪಾತ್ರಕ್ಕೆ ಇಷ್ಟೆಂದು ಕೈಯಿಂದ ಹಣ ಹಾಕುತ್ತಾರೆ. ಸೀನರಿ ಬಾಡಿಗೆಗೆ ತರಿಸುತ್ತಾರೆ. ಹೆಣ್ಣು ಪಾತ್ರಕ್ಕೆ ಮಾತ್ರ ಊರ ಹೆಣ್ಣುಮಕ್ಕಳು ಬೇಡ. ತುಮಕೂರಿನಿಂದಲೋ ಬೆಂಗಳೂರಿನಿಂದಲೋ ನಟಿಯರನ್ನು ಕರೆಸಬೇಕು. ರಾತ್ರಿಯೆಲ್ಲ ದ್ರೌಪದಿಯ ಮಾನದ ಬಗ್ಗೆ ಹಾಡಿ ಅಳುವ ಊರು, ಆ ದ್ರೌಪದಿಯಾಗಿ ನಿಂತವಳನ್ನು ಬೆಳಗಿನ ಜಾವ ಯಾವ ಕಣ್ಣಿನಿಂದ ನೋಡುತ್ತದೆ? ಬಟ್ಟೆ ಬದಲಿಸಲು ಸರಿಯಾದ ಒಂದು ಮರೆಯನ್ನೂ ಎಷ್ಟೋ ಕಡೆ ಕೊಡುವುದಿಲ್ಲ. ಮಾತಾಡಿದ ಹಣಕ್ಕೆ ಆಕೆ ಬಸ್ ಹೊತ್ತಿನವರೆಗೂ ಕಾಯಬೇಕು.

ಈ ತಿರಸ್ಕಾರದ ಇತಿಹಾಸ ಹಳೆಯದು. ಮನೆತನಸ್ಥರ ಹೆಣ್ಣುಮಕ್ಕಳು, ಹಿಂದೂಗಳಾಗಲಿ ಮುಸ್ಲಿಮರಾಗಲಿ, ರಂಗಕ್ಕೆ ಬರಬಾರದೆಂಬ ಕಟ್ಟು ಇದ್ದ ಕಾಲದಲ್ಲಿ ಆ ಬಿಸಿಯನ್ನು ಮೈಮೇಲೆ ಹಾಕಿಕೊಂಡವರು ಸಮಾಜದ ಅಂಚಿನಲ್ಲಿದ್ದ ಹೆಣ್ಣುಗಳು. ತವಾಯಫರು, ದೇವದಾಸಿಯರು, ಆಂಗ್ಲೋ ಇಂಡಿಯನ್ನರು, ಯಹೂದಿಗಳು. ಮೂಕಿ ಚಿತ್ರಗಳ ರಾಣಿ ಎನಿಸಿದ ಸುಲೋಚನಾ ನಿಜವಾಗಿ ರೂಬಿ ಮೈಯರ್ಸ್ ಎಂಬ ಯಹೂದಿ. ಅವರಿಗೆ 1973ರ ಫಾಲ್ಕೆ ಪ್ರಶಸ್ತಿ ಬಂತು. 1931ರ ಮೊದಲ ವಾಕ್ಚಿತ್ರ 'ಆಲಂ ಆರಾ'ದ ಕಥೆ ಜೋಸೆಫ್ ಡೇವಿಡ್ ಎಂಬ ಯಹೂದಿ ನಾಟಕಕಾರರದು. ಕಲ್ಕತ್ತೆಯ ಬಾಗ್ದಾದಿ ಯಹೂದಿ ಕುಟುಂಬದ ಎಸ್ತರ್ ವಿಕ್ಟೋರಿಯಾ ಅಬ್ರಹಾಂ ಹದಿಹರೆಯದಲ್ಲೇ ಪಾರ್ಸಿ ನಾಟಕ ಕಂಪನಿ ಸೇರಿದರು. ಸಿನಿಮಾ ರೀಲು ಬದಲಿಸುವ ಬಿಡುವಿನಲ್ಲಿ ಕುಣಿದು ಜನರನ್ನು ಹಿಡಿದಿಡುವುದು ಅವರ ಕೆಲಸ. ಮುಂದೆ 'ಪ್ರಮೀಳಾ' ಎಂಬ ಹೆಸರಿನಿಂದ ನಟಿಯಾದರು, ಚಿತ್ರ ನಿರ್ಮಾಪಕಿಯಾದರು. 1947ರಲ್ಲಿ ಮೊದಲ ಮಿಸ್ ಇಂಡಿಯಾ ಆದರು. ಕುಮಾರ್ ಎಂಬ ಹೆಸರಿನಿಂದ ನಟಿಸುತ್ತಿದ್ದ ಮುಸ್ಲಿಂ ಕಲಾವಿದನನ್ನು ಮದುವೆಯಾದರು. ಚಿತ್ರ ವಿತರಣೆಗೆಂದು ಪಾಕಿಸ್ತಾನಕ್ಕೆ ಹೋಗಿ ಬರುತ್ತಿದ್ದುದರಿಂದ ಗೂಢಚಾರಿಣಿ ಎಂಬ ಅನುಮಾನ ಬಂತು, ಬಂಧನವೂ ಆಯಿತು. ಅನುಮಾನ ಸುಳ್ಳೆಂದು ಆಮೇಲೆ ಗೊತ್ತಾಯಿತು. ಪಾಕಿಸ್ತಾನದ ಏಜೆಂಟ್ ಎಂಬ ಪಟ್ಟ ಈ ದೇಶದಲ್ಲಿ ಯಹೂದಿ ಹೆಣ್ಣಿಗೂ ಸಿಕ್ಕಿದೆ! ಗಂಡ 1963ರಲ್ಲಿ ಪಾಕಿಸ್ತಾನಕ್ಕೆ ಹೊರಟುಹೋದರೂ ಎಸ್ತರ್ ಇಲ್ಲೇ ಉಳಿದರು. 2006ರಲ್ಲಿ ಇಲ್ಲೇ ತೀರಿಕೊಂಡರು.

ಅದೇ ಕಾಲದಲ್ಲಿ ನಮ್ಮ ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ ಮತ್ತು ಅಕ್ಕ ಗೋಹರ್‌ಬಾಯಿ ರಂಗಕ್ಕೆ, ತೆರೆಗೆ ಬಂದರು. 1940ರ 'ನರಸಿ ಭಗತ್' ಚಿತ್ರದಲ್ಲಿ ಗಾಂಧೀಜಿಗೆ ಪ್ರಿಯವಾದ ವೈಷ್ಣವ ಭಜನೆಯನ್ನು ಹಾಡಿದ ದನಿಗಳಲ್ಲಿ ಒಂದು ಅಮೀರ್‌ಬಾಯಿಯದು. ಗೋಹರ್‌ಬಾಯಿ ಬಾಲಗಂಧರ್ವರ ಕಂಪನಿ ಸೇರಿ, ಅವರು ಇಳಿವಯಸ್ಸಿಗೆ ಬಂದಾಗಲೂ ಜೊತೆಗೆ ನಿಂತರು. ಆ ಹೆಣ್ಣುಮಗಳಿಗೆ ಸಿಕ್ಕ ಬಹುಮಾನವೇನು? ದೊಡ್ಡ ಕಲಾವಿದನನ್ನು ಕೆಡಿಸಿದವಳು ಎಂಬ ದೂರು. ಗಂಡಸಿನ ತಪ್ಪಿಗೆ ಹೆಣ್ಣಿನ ಮೇಲೆ, ಅದರಲ್ಲೂ ಬೇರೆ ಧರ್ಮದ ಹೆಣ್ಣಿನ ಮೇಲೆ, ದೂರು ಹೊರಿಸುವುದು ಎಷ್ಟು ಸುಲಭ! 'ಸಂಸಾರ ನೌಕೆ'ಯಂಥ ನಾಟಕವನ್ನು ಕನ್ನಡ ರಂಗಕ್ಕೆ 1930ರ ದಶಕದಲ್ಲಿ ತಂದ ಮಹಮದ್ ಪೀರ್ ಅವರನ್ನು ಕೊಂಡಾಡುವ ನಾವು, ಅಮೀರ್‌ಬಾಯಿ, ಗೋಹರ್‌ಬಾಯಿಯರ ಹೆಸರು ಬಂದಾಗ ಯಾಕೆ ದನಿ ತಗ್ಗಿಸುತ್ತೇವೆ?

ನಾಟಕ ಸಿನಿಮಾಗಳ ಬಗೆಗೆ ಧಾರ್ಮಿಕರಲ್ಲಿ ಭಿನ್ನಾಭಿಪ್ರಾಯ ಇರಬಹುದು. ಆ ಚರ್ಚೆಯನ್ನು ವಿದ್ವಾಂಸರು ಮಾಡಲಿ. ಆದರೆ ನಾಟಕ ಇಷ್ಟವಿಲ್ಲದವನಿಗೂ ನಟಿಯ ಮಾನ ತೆಗೆಯುವ ಹಕ್ಕಿಲ್ಲ. ಇಷ್ಟವಿರುವವನಿಗಂತೂ ಇಲ್ಲವೇ ಇಲ್ಲ.

ಇತ್ತ ಇನ್ನೊಂದು ಗುಂಪಿನ ಬಗೆಗೂ ಒಂದು ಮಾತು ಹೇಳಬೇಕು. ಇತ್ತೀಚಿನ ವರ್ಷಗಳಲ್ಲಿ ಇಸ್ರೇಲಿನ ಬಾವುಟವನ್ನು ಮೊಬೈಲಿನಲ್ಲಿ ಅಂಟಿಸಿಕೊಂಡು ಓಡಾಡುವವರು ನಮ್ಮ ಊರುಗಳಲ್ಲೂ ಹುಟ್ಟಿಕೊಂಡಿದ್ದಾರೆ. ಅವರಿಗೆ ಯಹೂದಿಗಳ ಮೇಲೆ ಪ್ರೀತಿ ಉಕ್ಕಿದೆ ಎಂದು ಯಾರಾದರೂ ನಂಬಿದರೆ ಅದು ಅಮಾಯಕತೆ. 1951ರಲ್ಲಿ ಈ ದೇಶದಲ್ಲಿ ಸುಮಾರು 26 ಸಾವಿರ ಯಹೂದಿಗಳಿದ್ದರು. ಈಗ ಉಳಿದಿರುವುದು ಐದು ಸಾವಿರದ ಆಸುಪಾಸು. ರಾಷ್ಟ್ರ ಮಟ್ಟದ ಅಲ್ಪಸಂಖ್ಯಾತರ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಮಹಾರಾಷ್ಟ್ರ 2016ರಲ್ಲಿ, ಗುಜರಾತ್ 2018ರಲ್ಲಿ ತಮ್ಮ ಮಟ್ಟಿಗೆ ಆ ಸ್ಥಾನ ಕೊಟ್ಟವು. ದೇಶದ ಪಟ್ಟಿಯಲ್ಲೂ ಅವರು ಬರಲಿ ಎಂದು ಈ ಬಾವುಟದವರು ಒಂದು ಮನವಿ ಕೊಟ್ಟದ್ದುಂಟೆ? ಡಾ. ಝಿರಾಡ್ ಅವರ ಹೆಸರನ್ನು ಶಿವಮೊಗ್ಗದ ಒಂದು ಹೆರಿಗೆ ವಾರ್ಡಿಗೆ ಇಡಿ ಎಂದು ಕೇಳಿದ್ದುಂಟೆ? ಅವರಿಗೆ ಬೇಕಾದದ್ದು ಯಹೂದಿಯಲ್ಲ, ಮುಸ್ಲಿಮರ ಮೇಲೆ ಬೀಳುವ ಬಾಂಬು. ಇಂಥವರಿಗೆ ಉತ್ತರವಾಗಿ ನಾವು ಯಹೂದಿಗಳನ್ನು ಬೈದರೆ ಅವರು ಹಾಕಿದ ತಾಳಕ್ಕೆ ನಾವೇ ಹೆಜ್ಜೆ ಹಾಕಿದಂತೆ.

ನಮ್ಮ ದೇಶದ ಮುಸ್ಲಿಮರ ನಿಜವಾದ ಪರಂಪರೆ ಬೇರೆಯೇ ಇದೆ. ಕೋಲ್ಕತ್ತೆಯ ಯಹೂದಿ ಪ್ರಾರ್ಥನಾ ಮಂದಿರಗಳಲ್ಲಿ ಪ್ರಾರ್ಥಿಸುವವರು ಬೆರಳೆಣಿಕೆಗೆ ಇಳಿದ ಮೇಲೂ ಅವುಗಳ ದೀಪ, ಧೂಳು, ಬೀಗದ ಕೈ ನೋಡಿಕೊಂಡವರು ತಲೆಮಾರುಗಳಿಂದ ಮುಸ್ಲಿಂ ಕಾವಲುಗಾರರು. ಅದೇ ನಗರದಲ್ಲಿ 1881ರಲ್ಲಿ ಹುಟ್ಟಿದ ಯಹೂದಿ ಬಾಲಕಿಯರ ಶಾಲೆಯಲ್ಲಿ ಇವತ್ತು ಓದುವವರಲ್ಲಿ ಹೆಚ್ಚಿನವರು ಮುಸ್ಲಿಂ ಹುಡುಗಿಯರು. 2008ರ ನವೆಂಬರಿನಲ್ಲಿ ಮುಂಬೈಯ ಯಹೂದಿ ಕೇಂದ್ರಕ್ಕೂ ನುಗ್ಗಿ ಅಮಾಯಕರನ್ನು ಕೊಂದ ಭಯೋತ್ಪಾದಕರ ಶವಗಳಿಗೆ ತಮ್ಮ ಕಬರಸ್ತಾನದಲ್ಲಿ ಜಾಗವಿಲ್ಲ ಎಂದು ಆ ನಗರದ ಮುಸ್ಲಿಮರೇ ಹೇಳಿದರು. ಇನ್ನೂ ಹಿಂದಕ್ಕೆ ಹೋದರೆ, ಮದೀನಾದಲ್ಲಿ ಶವಯಾತ್ರೆಯೊಂದು ಹಾದುಹೋಗುವಾಗ ಪ್ರವಾದಿ(ಸ) ಎದ್ದು ನಿಂತರು. ಅದು ಯಹೂದಿಯ ಶವ ಎಂದು ಜೊತೆಗಿದ್ದವರು ನೆನಪಿಸಿದಾಗ, ಅದೂ ಒಂದು ಜೀವವೇ ಎಂಬ ಅರ್ಥದ ಉತ್ತರ ಕೊಟ್ಟರು ಎಂದು ಹದೀಸ್ ಗ್ರಂಥಗಳು ದಾಖಲಿಸುತ್ತವೆ. ಯಹೂದಿಯ ಶವಕ್ಕೆ ಎದ್ದು ನಿಂತ ಪ್ರವಾದಿಯ ಅನುಯಾಯಿಗಳು ಜೀವಂತ ಯಹೂದಿಯ ಹೆಸರನ್ನು ಬೈಗುಳ ಮಾಡಿಕೊಳ್ಳುವುದಕ್ಕೆ ಯಾವ ಆಧಾರವಿದೆ?

ಹಾಗಾದರೆ ಕೊತ್ತಗೆರೆಯಂಥ ಊರಿನ ನಾವು ಮಾಡಬೇಕಾದದ್ದೇನು? ಮೊದಲನೆಯದು, ಗಾಝಾಕ್ಕಾಗಿ ದುಆ ಮಾಡುವ, ಭಾಷಣ ಮಾಡುವ ಸಭೆಗಳಲ್ಲಿ 'ಇಸ್ರೇಲ್ ಸರ್ಕಾರ' ಎನ್ನಬೇಕಾದ ಕಡೆ 'ಯಹೂದಿಗಳು' ಎಂದವರನ್ನು ಅಲ್ಲೇ ತಿದ್ದಬೇಕು. ದೊಡ್ಡವರೆಂದು ಸುಮ್ಮನಿರಬಾರದು. ಎರಡನೆಯದು, ಊರ ನಾಟಕಕ್ಕೆ ಬರುವ ನಟಿಯ ಹಣವನ್ನು ಬಣ್ಣ ಹಚ್ಚುವ ಮೊದಲೇ ಕೈಗಿಡಬೇಕು. ಶಾಲೆಯ ಒಂದು ಕೋಣೆ ತೆರೆಸಿ ಆಕೆಗೆ ಬಿಟ್ಟುಕೊಡಬೇಕು. ಇದು ನಾಟಕದ ಕಮಿಟಿಯಲ್ಲಿರುವ ಹಿಂದೂ, ಮುಸ್ಲಿಂ ಎಲ್ಲರಿಗೂ ಹೇಳುವ ಮಾತು. ಮೂರನೆಯದು, ನಮ್ಮ ಉರ್ದು ಮತ್ತು ಕನ್ನಡ ಶಾಲೆಗಳ ಮಕ್ಕಳು ವರ್ಷಕ್ಕೊಮ್ಮೆಯಾದರೂ ಒಂದೇ ರಂಗದ ಮೇಲೆ ಒಂದೇ ನಾಟಕ ಆಡಲಿ. ಆರ್ನಾ ಕಾಗದ ಬಣ್ಣ ಹಿಡಿದುಕೊಂಡು ಶುರುಮಾಡಿದ್ದರು. ನಮ್ಮಲ್ಲಿ ಶಾಲೆಯಿದೆ, ಮೈದಾನವಿದೆ, ಹಾರ್ಮೋನಿಯಂ ಮೇಷ್ಟರೂ ಇದ್ದಾರೆ. ಶಾಲೆ ಮುಚ್ಚಿಸುವ ಸೈನ್ಯವೊಂದು ಇಲ್ಲಿಲ್ಲ. ಇಷ್ಟೆಲ್ಲ ಇದ್ದೂ ಮಕ್ಕಳನ್ನು ಬೇರೆ ಬೇರೆ ಕೂರಿಸುತ್ತಿರುವವರು ಯಾರು ಎಂಬುದಕ್ಕೆ ಉತ್ತರ ಕೊಡಬೇಕಾದವರು ನಾವೇ.

ಪ್ಯಾಲೆಸ್ತೀನಿನ ಪರವಾಗಿ ನಿಲ್ಲುತ್ತೇವೆ ಎನ್ನುವ ತರುಣರಿಗೆ ಕೊನೆಯದಾಗಿ ಇಷ್ಟು ಹೇಳುತ್ತೇವೆ. ಜೆನಿನ್ನಿನ ಮಕ್ಕಳ ಕಡೆ ನಿಲ್ಲುವುದಾದರೆ ಅವರಿಗೆ ನಾಟಕ ಕಲಿಸಿದ ಯಹೂದಿ ತಾಯಿಯ ಕಡೆಗೂ ನಿಲ್ಲಬೇಕಾಗುತ್ತದೆ. ಮನೆಯ ಮಹಡಿ ಬಿಟ್ಟುಕೊಟ್ಟ ಸಮೀರಾ ಆರ್ನಾ ಅವರ ಧರ್ಮ ಕೇಳಿ ಬಾಗಿಲು ತೆರೆಯಲಿಲ್ಲ. ಗುಂಡು ಹಾರುವ ಶಿಬಿರದಲ್ಲಿ ಆ ತಾಯಿಗೆ ಸಾಧ್ಯವಾದದ್ದು ಕೊತ್ತಗೆರೆಯ ಚಹಾದಂಗಡಿಯಲ್ಲಿ ಕೂತ ನಮಗೆ ಸಾಧ್ಯವಿಲ್ಲ ಎನ್ನಲು ನಮ್ಮ ಬಳಿ ಯಾವ ನೆಪವಿದೆ?